ತಕ್ಕಡಿ ಪಾಠಕ್ಕೆ ಪೂರ್ತಿ ಅಂಕ, ಸಾಲದ ಪಾಠಕ್ಕೆ ಅರ್ಧ

ಗದಗ ಪಕ್ಕದ ಬೆಟಗೇರಿಯ ಒಂದು ಚರ್ಚಿನ ಸಭಾಂಗಣದಲ್ಲಿ ನಡೆಯುವ ಹಣಕಾಸು ತರಗತಿಯ ಬಗ್ಗೆ ಇದು. ಶನಿವಾರ ಸಂಜೆ ಎರಡು ತಾಸು, ಒಂದು ತಿಂಗಳು. ಫೀಸು 300 ರೂಪಾಯಿ. ಅದರಲ್ಲೇ ಒಂದು ಲೆಕ್ಕದ ಪುಸ್ತಕ, ಪ್ರತಿ ವಾರ ಚಹಾ, ಗಿರ್ಮಿಟ್. ಬೈಬಲ್ ಇಟ್ಟುಕೊಂಡು ಮನೆಯ ಲೆಕ್ಕ, ವ್ಯಾಪಾರದ ಲೆಕ್ಕ ಹೇಳಿಕೊಡುತ್ತಾರೆ. ಯಾವ ಧರ್ಮದವರಾದರೂ ಬರಬಹುದು.

ನಾನು ಚರ್ಚಿಗೆ ಹೋಗುವವಳಲ್ಲ. ನಮ್ಮದು ಲಿಂಗಾಯತರ ಮನೆ, ಇಲ್ಲೇ ಕಿರಾಣಿ ಅಂಗಡಿ. ಆದರೆ ಬೆಟಗೇರಿಯವರಿಗೆ ಚರ್ಚು ಹೊಸದಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ನೆಲೆಯೂರಿದ್ದು 1841ರಲ್ಲಿ. ಇಲ್ಲಿಯ ಮಿಷನ್ ಆಸ್ಪತ್ರೆಯನ್ನು ನಮ್ಮ ಹಿರಿಯರು ಇವತ್ತಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ದಿನಾ ನಮ್ಮ ಅಂಗಡಿಗೆ ಹಾಲಿಗೆ ಬರುವ ನರ್ಸ್ ಅಕ್ಕಾರು, "ಪ್ರಾರ್ಥನೆ ಕಡಿಮಿ, ಲೆಕ್ಕಾನೇ ಜಾಸ್ತಿ. ಒಮ್ಮೆ ಬಂದು ಕೂತು ನೋಡ್ರಿ" ಎಂದರು. ಹೆಸರು ಬರೆಸಿದೆ. ಅದೇ ಹೊತ್ತಿಗೆ ನಮ್ಮ ಮೈದುನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಸಹಿ ಹಾಕಿ ಅಂತ ಬೆನ್ನು ಹತ್ತಿದ್ದ. ಅದೂ ಒಂದು ಕಾರಣ ಅನ್ನಿ.

ಪಾಠ ಮಾಡುವವರು ಇಬ್ಬರು. ಒಬ್ಬರು ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿಗಳು, ಇನ್ನೊಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಸಭಾಪಾಲಕರು ಬೈಬಲಿನ ವಚನ ಓದುತ್ತಾರೆ, ಮ್ಯಾನೇಜರ್ ಸಾಹೇಬರು ಅದನ್ನು ಅಂಗಡಿಗೆ, ಬ್ಯಾಂಕಿಗೆ ಹಚ್ಚಿ ಹೇಳುತ್ತಾರೆ. ನನಗೆ ಎರಡನೆಯವರ ಪಾಠವೇ ಜಾಸ್ತಿ ಹಿಡಿಸಿತು. ಮೂವತ್ತು ವರ್ಷ ಸಾಲದ ಅರ್ಜಿ ಓದಿದ ಮನುಷ್ಯ ಮಾತಾಡುವ ರೀತಿಯೇ ಬೇರೆ.

ಮೊದಲ ವಾರ ತಕ್ಕಡಿ. ಇಡೀ ತರಗತಿಯಲ್ಲಿ ಇದೇ ಅತ್ಯುತ್ತಮ. ಬೈಬಲಿನಲ್ಲಿ ಜ್ಞಾನೋಕ್ತಿಗಳು ಎಂಬ ಪುಸ್ತಕದ 11ನೇ ಅಧ್ಯಾಯ ಶುರುವಾಗುವುದೇ ಮೋಸದ ತಕ್ಕಡಿಯನ್ನು ಬೈಯುವುದರಿಂದ. ಬೈಬಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಇನ್ನೂ ಬಿಡಿಸಿ ಹೇಳುತ್ತದೆ: ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ಎರಡು ತರದ ತೂಕದ ಕಲ್ಲು ಇಟ್ಟುಕೊಳ್ಳಬೇಡ. ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಸಣ್ಣ ಕಲ್ಲು. ಈ ಆಟ ಗೊತ್ತಿಲ್ಲದ ವ್ಯಾಪಾರಿ ಗದಗದಲ್ಲಿ ಇದ್ದಾರಾ? ಆ ಕಾಲಕ್ಕೆ ಬೈಬಲಿನ ನಾಡಿನಲ್ಲಿ ಅಚ್ಚು ಹಾಕಿದ ನಾಣ್ಯ ಇರಲಿಲ್ಲವಂತೆ. ಬೆಳ್ಳಿಯನ್ನೇ ತೂಗಿ ಕೊಡುತ್ತಿದ್ದರು. ಶೆಕೆಲ್ ಅಂದರೆ ಆಗ ಸುಮಾರು 11 ಗ್ರಾಂ ತೂಕ. ಯೆರೂಸಲೇಮಿನ ಕಡೆ ನೆಲ ಅಗೆದಾಗ ಅಂಥ ಗುರುತು ಕೊರೆದ ತೂಕದ ಕಲ್ಲುಗಳು ಸಿಕ್ಕಿವೆ. ಕಲ್ಲು ಸುಳ್ಳಾದರೆ ಕಾಳೂ ಸುಳ್ಳು, ರೊಕ್ಕವೂ ಸುಳ್ಳು. ತೂಕದ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಆಮೋಸ ಅಂತ ಒಬ್ಬ ಪ್ರವಾದಿ. ಅವನ 8ನೇ ಅಧ್ಯಾಯದಲ್ಲಿ ವ್ಯಾಪಾರಿಗಳು ಅಮಾವಾಸ್ಯೆ ಯಾವಾಗ ಮುಗಿದೀತು, ಕೆಲಸ ಮಾಡಬಾರದ ಸಬ್ಬತ್ ದಿನ ಯಾವಾಗ ಮುಗಿದೀತು, ಧಾನ್ಯ ಮಾರೋಣ ಅಂತ ಕಾಯುತ್ತಿರುತ್ತಾರೆ. ಅಳತೆ ಸಣ್ಣದು ಮಾಡೋಣ, ಗೋದಿಯ ಕಸವನ್ನೂ ಮಾರೋಣ ಎನ್ನುತ್ತಾರೆ. ನಾವೂ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವವರೇ. ಓದುವಾಗ ನನ್ನ ಪಕ್ಕ ಕೂತಿದ್ದ ಕಾಳಿನ ವ್ಯಾಪಾರಿ ಸಣ್ಣಗೆ ಕೆಮ್ಮಿದರು.

ಆಮೇಲೆ ಮ್ಯಾನೇಜರ್ ಸಾಹೇಬರು ಮೇಜಿನ ಮೇಲೆ ಒಂದು ಎಲೆಕ್ಟ್ರಾನಿಕ್ ಕಾಟಾ ತಂದಿಟ್ಟರು. ಖಾಲಿ ಸ್ವೀಟ್ ಬಾಕ್ಸ್ ಇಟ್ಟು ತೂಗಿದರು. ನಂತರ ಬೆಲ್ಲ ಸುತ್ತುವ ಗೋಣಿತಟ್ಟು. ಡಬ್ಬಿಯ ತೂಕ ಕಳೆಯುವ ಬಟನ್ ಒತ್ತದೆ ಮಾರಿದರೆ ಗಿರಾಕಿ ರಟ್ಟಿಗೂ ಪೇಢೆಯ ರೇಟೇ ಕೊಡುತ್ತಾನೆ, ಅಲ್ವಾ? ತೂಕ-ಅಳತೆ ಇಲಾಖೆಯ ಸೀಲು ವರ್ಷಕ್ಕೊಮ್ಮೆ ಆಗಬೇಕು ಎಂದು ನೆನಪಿಸಿದರು. ಸೀಲು ಇದ್ದ ಮಾತ್ರಕ್ಕೆ ಮಾರುವ ಕೈ ನೆಟ್ಟಗಾಗುವುದಿಲ್ಲ ಅಂತಲೂ ಸೇರಿಸಿದರು.

ಹಿಂದಿನ ಬೆಂಚಿನಲ್ಲಿ ಕಾಯಿಪಲ್ಲೆ ಮಾರುವ ಒಬ್ಬಾಕೆ ಇದ್ದಳು. ಅವಳು ಸುಮ್ಮನಿರಲಿಲ್ಲ. "ಗಿರಾಕಿ ಚೌಕಾಸಿ ಮಾಡಿ ಮಾಡಿ ರೇಟು ಇಳಿಸ್ತಾರ. ನಾವು ಎಲ್ಲಿಂದ ತುಂಬಿಸ್ಕೊಬೇಕ್ರಿ ಸಾಹೇಬ್ರ?" ಅಂತ ಕೇಳಿಯೇ ಬಿಟ್ಟಳು. ಸಾಹೇಬರ ಉತ್ತರ ಇದು: "ರೇಟು ಹೇಳಿ ಏರಿಸವ್ವ. ಬ್ಯಾಡ ಅಂದ್ರ ಅವರು ಮುಂದಿನ ಗಾಡಿಗೆ ಹೋಗ್ತಾರ. ತೂಕದಾಗ ಏರಿಸಿದ್ರ ಅವರಿಗೆ ಬ್ಯಾಡ ಅನ್ನಾಕೂ ಬರಂಗಿಲ್ಲ." ಈ ಒಂದು ಮಾತಿಗೆ ನನ್ನ 300 ರೂಪಾಯಿ ವಸೂಲಾಯಿತು. ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ಮಾತ್ರ ಬಂದಿದ್ದಳು.

ಎರಡನೇ ವಾರದ ಮೊದಲರ್ಧ ಕೂಲಿ. ಕೂಲಿಯವನ ಸಂಬಳ ರಾತ್ರಿ ಕಳೆದು ಬೆಳಗಾಗುವವರೆಗೆ ನಿನ್ನ ಹತ್ತಿರ ಇರಬಾರದು ಎನ್ನುತ್ತದೆ ಯಾಜಕಕಾಂಡ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಬೇಗ ಮುಗಿಸಿದರು, ಒಳ್ಳೆಯದಾಯಿತು. ಹಮಾಲರಿಗೆ "ನಾಳೆ ಬಾ" ಅನ್ನುವವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ಉಳಿದರ್ಧ ಜಾಮೀನು. ಬೈಬಲಿನಲ್ಲಿ ಜಾಮೀನಿನ ಬಗ್ಗೆ ಇಷ್ಟೊಂದು ಇದೆ ಅಂತ ನಾನು ಎಣಿಸಿರಲಿಲ್ಲ. ಜ್ಞಾನೋಕ್ತಿಗಳ 6ನೇ ಅಧ್ಯಾಯ, ಜಾಮೀನು ನಿಂತಿದ್ದರೆ ನಿದ್ದೆ ಮಾಡಬೇಡ, ಹೋಗಿ ಕಾಡಿ ಬೇಡಿ ಬಿಡಿಸಿಕೋ ಎನ್ನುತ್ತದೆ. 22ನೇ ಅಧ್ಯಾಯವಂತೂ ನೇರವಾಗಿ ಕೇಳುತ್ತದೆ: ತೀರಿಸಲು ಗತಿ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಯಾಕೆ ಎಳೆದೊಯ್ಯಬೇಕು? ಮ್ಯಾನೇಜರ್ ಸಾಹೇಬರು ಇಲ್ಲಿ ಒಂದು ಸಾಲದ ಅರ್ಜಿಯ ನಕಲು ಹಂಚಿದರು. ಸಣ್ಣ ಅಕ್ಷರದ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ, ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ. ಮೊದಲು ಸಾಲಗಾರನನ್ನೇ ಹಿಡಿ, ಆಮೇಲೆ ನನ್ನನ್ನು ಅಂತ ಬ್ಯಾಂಕಿಗೆ ಹೇಳುವ ಹಾಗಿಲ್ಲ. ಯಾರ ಸಾಲ ಎಷ್ಟು ಅಂತ ಲೆಕ್ಕ ಇಡುವ ಸಿಬಿಲ್ ದಾಖಲೆಯಲ್ಲೂ ಆ ಸಾಲ ನಮ್ಮ ಹೆಸರಿನ ಕೆಳಗೆ ಕಾಣುತ್ತದೆ. ನಾಳೆ ನಮಗೇ ಸಾಲ ಬೇಕಾದಾಗ ಅದು ಅಡ್ಡ ಬರಬಹುದು. "ನನ್ನ ಸರ್ವಿಸಿನಾಗ ಜಾಮೀನುದಾರ ಅರ್ಜಿ ಓದಿ ಸಹಿ ಹಾಕಿದ್ದು ನೋಡಿದ್ದು ಭಾಳ ಕಡಿಮಿ. ಚಹಾ ಕುಡಿಯೂದ್ರಾಗ ಸಹಿ ಆಗಿರ್ತದ" ಎಂದರು.

ಆಗ ಚರ್ಚಿನ ಒಬ್ಬ ಹಿರಿಯಜ್ಜಿ ಕೈ ಎತ್ತಿದರು. ಆದಿಕಾಂಡದಲ್ಲಿ ಯೆಹೂದ ತನ್ನ ತಮ್ಮ ಬೆನ್ಯಾಮೀನನಿಗೆ ತಾನೇ ಹೊಣೆ ಅಂತ ತಂದೆಯ ಮುಂದೆ ನಿಲ್ಲುತ್ತಾನಲ್ಲ, ಅದು ತಪ್ಪಾ ಅಂತ. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲನೂ ಫಿಲೆಮೋನನಿಗೆ ಬರೆದ ಪತ್ರದಲ್ಲಿ, ನಿನ್ನ ಆಳು ಒನೇಸಿಮ ನಿನಗೆ ಕೊಡಬೇಕಾದದ್ದು ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಬರೆ, ನಾನೇ ತೀರಿಸುತ್ತೇನೆ ಅಂತ ಸ್ವಂತ ಕೈಯಲ್ಲಿ ಬರೆದು ಕೊಡುತ್ತಾನಲ್ಲ ಅಂತ. ಸಭೆಯೇ ತಣ್ಣಗಾಯಿತು. ಸಭಾಪಾಲಕರು ಜಾರಿಕೊಳ್ಳಲಿಲ್ಲ. ಇಬ್ಬರೂ ಅದನ್ನು ತಮ್ಮ ಸಾಲವೆಂದೇ ತಿಳಿದು ನಿಂತರು, ಇನ್ನೊಬ್ಬ ತೀರಿಸುತ್ತಾನೆ ಎಂಬ ಭರವಸೆಯ ಮೇಲೆ ನಿಲ್ಲಲಿಲ್ಲ ಎಂದರು. ಸಹಿ ಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಷ್ಟೂ ಹಣ ನಾನೇ ಕಟ್ಟಬೇಕಾದರೆ ಕಟ್ಟಬಲ್ಲೆನಾ?

ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಇಲ್ಲ ಅಂತಲೇ ಬಂತು. ಸಹಿ ಬೇಡ, ಕೈಲಾದಷ್ಟು ಕೊಡೋಣ ಅಂತ ಯಜಮಾನರೂ ನಾನೂ ಮಾತಾಡಿಕೊಂಡು ಮೈದುನನಿಗೆ 25,000 ಕೈಗೆ ಕೊಟ್ಟೆವು. ವಾಪಸ್ ಬಂದರೆ ಬರಲಿ ಅಂತ. ಅವನು ಮುಖ ಊದಿಸಿಕೊಂಡು ಹೋದ. ಆಮೇಲೆ ಹೆಂಡತಿಯ ಅಣ್ಣನ ಸಹಿಯಲ್ಲಿ ಟ್ರ್ಯಾಕ್ಟರ್ ಬಂತು. ನೆಗೆಣ್ಣಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ತರಗತಿಯಲ್ಲಿ ಜಾಮೀನು ಯಾಕೆ ಬೇಡ ಅಂತ ಚೆನ್ನಾಗಿ ಹೇಳಿದರು. ಸಂಬಂಧ ಕೆಡದ ಹಾಗೆ ಇಲ್ಲ ಅನ್ನುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆ ಅದೇ ಅಲ್ಲವೇ ದೊಡ್ಡ ಕೆಲಸ.

ಮೂರನೇ ವಾರ ಸಾಲ. ಇಲ್ಲಿಂದ ನನ್ನ ತಕರಾರು.

ಸಾಲ ತೆಗೆದುಕೊಂಡವನು ಕೊಟ್ಟವನಿಗೆ ಆಳು ಎಂಬ ಮಾತು ಜ್ಞಾನೋಕ್ತಿಗಳ 22ನೇ ಅಧ್ಯಾಯದಲ್ಲಿದೆ. ಅದನ್ನು ಬೋರ್ಡಿನ ಮೇಲೆ ಬರೆದು, ಆಸೆ ಕಡಿಮೆ ಮಾಡಿ, ಟಿವಿ ಫ್ರಿಜ್ ಕಂತಿನಲ್ಲಿ ತರಬೇಡಿ, ಮದುವೆ ಸಣ್ಣದಾಗಿ ಮಾಡಿ ಅಂತ ಒಂದು ತಾಸು ಹೇಳಿದರು. ತಪ್ಪೇನೂ ಇಲ್ಲ. ಆದರೆ ಆ ಕೋಣೆಯಲ್ಲಿ ಅರ್ಧದಷ್ಟು ಹೆಂಗಸರು ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಇದ್ದವರು. ಅವರು ಫ್ರಿಜ್ಜಿಗೆ ಸಾಲ ಮಾಡಿದವರಲ್ಲ. ಗಂಡನ ಆಪರೇಷನ್ನಿಗೆ, ಮಗಳ ಕಾಲೇಜು ಫೀಸಿಗೆ, ಮಳೆ ಕೈಕೊಟ್ಟ ವರ್ಷ ಬೀಜಕ್ಕೆ ಮಾಡಿದವರು. ನಮ್ಮ ಅಂಗಡಿಯ ಉದ್ರಿ ಪುಸ್ತಕ ನೋಡಿದರೆ ಯಾವ ಮನೆಯಲ್ಲಿ ಯಾವ ವಾರ ಕಂತು ಅಂತ ನನಗೆ ಗೊತ್ತಾಗುತ್ತದೆ. ಅವತ್ತು ಅವರು ಎಣ್ಣೆ ಕಾಲು ಲೀಟರ್ ಒಯ್ಯುತ್ತಾರೆ. ಅಂಥವರ ಮುಂದೆ ಸಾಲಗಾರ ಆಳು ಅಂತ ಓದಿದರೆ ತಲೆ ತಗ್ಗಿಸಿ ಕೂರುತ್ತಾರೆ, ಅಷ್ಟೇ. ಇನ್ನೊಂದು ಮಾತು: ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಅಂದರೆ ಪ್ರತಿಯೊಬ್ಬಳೂ ಉಳಿದವರಿಗೆ ಜಾಮೀನು. ಹಿಂದಿನ ವಾರದ ಜಾಮೀನು ಪಾಠವನ್ನು ಇದಕ್ಕೆ ಯಾರೂ ಕೂಡಿಸಲಿಲ್ಲ.

ನಾನು ಎದ್ದು ಕೇಳಿದೆ. ಸಾಲ ತಗೊಂಡವರಿಗೆ ಇಷ್ಟು ಹೇಳಿದಿರಿ, ಕೊಟ್ಟವರಿಗೆ ನಿಮ್ಮ ಗ್ರಂಥ ಏನೂ ಹೇಳುವುದಿಲ್ಲವೇನ್ರಿ ಅಂತ. ಸಭಾಪಾಲಕರು ನಕ್ಕು, ಹೇಳುತ್ತದೆ ಅಂತ ಪುಟ ತಿರುವಿದರು. ಧರ್ಮೋಪದೇಶಕಾಂಡ 24. ಸಾಲ ಕೊಟ್ಟವನು ಅಡವು ತರಲು ಸಾಲಗಾರನ ಮನೆಯೊಳಗೆ ಹೋಗಬಾರದು. ಹೊರಗೆ ನಿಲ್ಲಬೇಕು. ಸಾಲಗಾರನೇ ಹೊರಗೆ ತಂದು ಕೊಡಬೇಕು. ಅವನು ಬಡವನಾಗಿದ್ದರೆ ಅಡವಿಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಬೇಕು, ಹೊದ್ದು ಮಲಗಲಿ ಅಂತ. ಬೀಸುಕಲ್ಲನ್ನಂತೂ ಅಡವು ಹಿಡಿಯಲೇಬಾರದು. ಅದು ಹೋದರೆ ಮನೆಯಲ್ಲಿ ಹಿಟ್ಟಿಲ್ಲ.

ಓದುತ್ತಿದ್ದ ಹಾಗೆ ಕೋಣೆಯ ಗಾಳಿಯೇ ಬದಲಾಯಿತು. ಬಾಗಿಲಲ್ಲಿ ಬಂದು ಕೂರುವ ವಸೂಲಿ ಹುಡುಗರ ಕಥೆ ಒಬ್ಬೊಬ್ಬರೇ ಹೇಳತೊಡಗಿದರು. ಆಗ ಮ್ಯಾನೇಜರ್ ಸಾಹೇಬರು ರಿಸರ್ವ್ ಬ್ಯಾಂಕಿನ 2022ರ ನಿಯಮ ತೆಗೆದರು. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಮೊದಲೇ ಗೊತ್ತುಮಾಡಿದ ಜಾಗ ಇರಬೇಕು. ಅಲ್ಲಿಗೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕಾಡಬಾರದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆಯನ್ನೂ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇತ್ತು. ಅದೇ ವರ್ಷ ಅದು ಕಾಯ್ದೆಯಾಯಿತು.

ಇಷ್ಟೆಲ್ಲ ಅವರಿಗೆ ಗೊತ್ತಿತ್ತು. ಆದರೂ ಕೇಳಿದ ಮೇಲೆ, ಕೊನೆಯ ಹದಿನೈದು ನಿಮಿಷದಲ್ಲಿ ಬಂತು. ನನ್ನ ಮಟ್ಟಿಗೆ ಮೂರನೇ ವಾರ ಇಲ್ಲಿಂದ ಶುರುವಾಗಬೇಕಿತ್ತು. ಮಿತವ್ಯಯದ ಉಪದೇಶಕ್ಕೆ ಆ ಹದಿನೈದು ನಿಮಿಷ ಸಾಕು. ಬಡವರಿಗೆ ಮಿತವಾಗಿ ಬದುಕುವುದನ್ನು ಹೊರಗಿನವರು ಬಂದು ಕಲಿಸಬೇಕಾ?

ಭಿಶಿ, ಅಂದರೆ ಚೀಟಿ ಹಣ, ಮತ್ತು ಪತ್ತಿನ ಸೊಸೈಟಿಯ ವಿಷಯವೂ ಹೀಗೇ ಆಯಿತು. ಬೇಗ ಹಣ ಮಾಡಬೇಡಿ, ಕೈಯಲ್ಲಿ ಸ್ವಲ್ಪಸ್ವಲ್ಪ ಕೂಡಿಟ್ಟದ್ದೇ ಬೆಳೆಯುತ್ತದೆ ಎಂಬ ವಚನ ಹೇಳಿ ಮುಂದೆ ಹೋದರು. ಚಹಾದ ಹೊತ್ತಿಗೆ ಒಬ್ಬರು ತಮ್ಮ ಠೇವಣಿ ಒಂದು ಸೊಸೈಟಿಯಲ್ಲಿ ಸಿಕ್ಕಿಬಿದ್ದಿದೆ ಅಂದಾಗ ಮ್ಯಾನೇಜರ್ ಸಾಹೇಬರು ಹೇಳಿದ್ದು ನಿಜಕ್ಕೂ ಕೆಲಸಕ್ಕೆ ಬರುವ ಮಾತು. 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ ಇದೆ. ವಿಮೆಗೆ ಸೇರಿದ ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ ಸಹಕಾರಿ ಅಂತ ಇದ್ದ ಕೂಡಲೇ ಎರಡೂ ಒಂದೇ ಅಂದುಕೊಳ್ಳುವವರು ಎಷ್ಟೋ ಜನ. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು ಅಂತ ನಾವು ಎದೆ ಉಬ್ಬಿಸಿ ಹೇಳುತ್ತೇವೆ. ಅಂಥ ಊರಿನ ಪಕ್ಕ ಈ ಪಾಠ ಗಿರ್ಮಿಟ್ ತಿನ್ನುತ್ತಾ ನಿಂತವರಿಗೆ ಮಾತ್ರ ಸಿಕ್ಕಿತು. ಉಳಿದವರಿಗೆ ತಪ್ಪಿತು.

ನಡುವೆ ಒಮ್ಮೆ ಹೊರಗಿನಿಂದ ಒಬ್ಬ ಅತಿಥಿ ಭಾಷಣಕಾರರು ಬಂದಿದ್ದರು. ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡಿ, ನೂರಾಗಿ ವಾಪಸ್ ಬರುತ್ತದೆ ಅಂತ ಬೈಬಲಿನ ಪ್ರವಾದಿ ಮಲಾಕಿಯ ವಚನ ಹಿಡಿದು ಗಟ್ಟಿ ದನಿಯಲ್ಲಿ ಹೇಳಿದರು. ನನಗೆ ಸೇರಲಿಲ್ಲ. ಕೊಡುವುದು ಸರಿ, ಲಾಭಕ್ಕೆ ಕೊಟ್ಟರೆ ಅದೂ ಒಂದು ಸ್ಕೀಮೇ ಆಯಿತಲ್ಲ. ಮುಂದಿನ ವಾರ ಮ್ಯಾನೇಜರ್ ಸಾಹೇಬರು ಅವರ ಹೆಸರೆತ್ತದೆ ಜ್ಞಾನೋಕ್ತಿಗಳ 30ನೇ ಅಧ್ಯಾಯದ ಪ್ರಾರ್ಥನೆ ಓದಿದರು. ಬಡತನವೂ ಬೇಡ, ಸಿರಿಯೂ ಬೇಡ, ಬೇಕಾದಷ್ಟು ಅನ್ನ ಕೊಡು ಅಂತ. ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ಆಯ್ದು ತಂದಾಗ, ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಹೋಗಿ ಅಲ್ಲೇ ಹಾಕಿ ಬಾ ಅಂದವಳು. ಚಹಾದ ಹೊತ್ತಿಗೆ ನರ್ಸ್ ಅಕ್ಕಾರಿಗೆ ಈ ಕಥೆ ಹೇಳಿದೆ. ಅವರು ಜಕ್ಕಾಯನ ಕಥೆ ಹೇಳಿದರು. ತೆರಿಗೆ ವಸೂಲಿ ಮಾಡುತ್ತಿದ್ದ ಶ್ರೀಮಂತ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ, ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ ಅಂದನಂತೆ. ಆ ಅತಿಥಿಗಳು ಈ ಕಥೆ ಹೇಳಿದ್ದರೆ ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

ಕೊನೆಯ ವಾರ ಇತರರ ಹಣ. ಪೌಲ ಯೆರೂಸಲೇಮಿನ ಬಡವರಿಗಾಗಿ ಊರೂರಿನಿಂದ ಚಂದಾ ಕೂಡಿಸುತ್ತಾನೆ. ಅದನ್ನು ಒಬ್ಬನೇ ಒಯ್ಯುವುದಿಲ್ಲ. ಊರೂರಿನ ಕ್ರೈಸ್ತ ಸಭೆಗಳು ಆರಿಸಿದ ಇನ್ನೊಬ್ಬನನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ದೇವರ ಮುಂದೆ ಸರಿಯಿದ್ದರೆ ಸಾಲದು, ಜನರ ಕಣ್ಣಿಗೂ ಸರಿ ಕಾಣಬೇಕು ಎಂಬುದು ಅವನ ಲೆಕ್ಕ. 2 ಕೊರಿಂಥದ 8ನೇ ಅಧ್ಯಾಯದಲ್ಲಿದೆ. ನನಗೆ ಹಿಡಿಸಿದ್ದು, ಇದನ್ನು ಹೇಳಿದವರು ಮಾಡಿಯೂ ತೋರಿಸಿದ್ದು. ಈ ತರಗತಿಯ ಜಮಾ-ಖರ್ಚನ್ನು ಬಾಗಿಲಿನ ಪಕ್ಕ ಅಂಟಿಸಿದ್ದರು. ಫೀಸು ಎಷ್ಟು ಬಂತು, ಗಿರ್ಮಿಟ್‌ಗೆ ಎಷ್ಟು, ಪುಸ್ತಕದ ಪ್ರಿಂಟಿಗೆ ಎಷ್ಟು, ಉಳಿದದ್ದು ಎಲ್ಲಿ ಹೋಯಿತು. ಕೆಳಗೆ ಇಬ್ಬರ ಸಹಿ. ನಮ್ಮ ಓಣಿಯ ಗಣಪತಿ ಪಟ್ಟಿಯ ಲೆಕ್ಕವನ್ನೂ ಹೀಗೇ ಹಚ್ಚಿ ಅಂತ ಹುಡುಗರಿಗೆ ಹೇಳಿದ್ದೇನೆ. ಹೂಂ ಅಂದಿದ್ದಾರೆ, ನೋಡೋಣ.

ಈಗ ಆ ಲೆಕ್ಕದ ಪುಸ್ತಕದ ಬಗ್ಗೆ. ಮುದ್ರಣಕ್ಕೆ ಹೆಸರಾದ ಗದಗದಲ್ಲೇ ಅಚ್ಚಾದದ್ದು. ಕಾಗದ ಚೆನ್ನಾಗಿದೆ, ಬೈಂಡಿಂಗ್ ಮಾತ್ರ ಈಗಲೇ ಬಿಚ್ಚುತ್ತಿದೆ. ಪ್ರತಿ ಪುಟದ ತಲೆಗೆ ಒಂದು ವಚನ, ಅಕ್ಷರ ತೀರ ಸಣ್ಣದು. ಬಂದದ್ದು, ಹೋದದ್ದು, ಕೊಡಬೇಕಾದದ್ದು ಅಂತ ಕಾಲಂಗಳಿವೆ. ನಾಲ್ಕನೆಯದು ನಾನು ಬೇರೆ ಯಾವ ಪುಸ್ತಕದಲ್ಲೂ ನೋಡಿಲ್ಲ: ನನ್ನ ಹತ್ತಿರ ಇರುವ ಬೇರೆಯವರ ಹಣ. ಭಿಶಿಯ ಹಣ, ಗಿರಾಕಿ ಬಿಟ್ಟುಹೋದ ಚಿಲ್ಲರೆ, ಪಿಗ್ಮಿಯವನು ಬರುವವರೆಗೆ ಪಕ್ಕದ ಮನೆಯವರು ಕೊಟ್ಟಿಟ್ಟ ನೂರು. ಗಲ್ಲಾದಲ್ಲಿ ಎಲ್ಲ ಒಟ್ಟಿಗೆ ಇದ್ದಾಗ ಎಲ್ಲ ನಮ್ಮದೇ ಅನಿಸುತ್ತದೆ. ಬರೆದಾಗ ಗೊತ್ತಾಗುತ್ತದೆ ನಮ್ಮದು ಎಷ್ಟು ಕಡಿಮೆ ಅಂತ. ಆದರೆ ಉದ್ರಿಗೆ ಕಾಲಂ ಇಲ್ಲ! ಕಿರಾಣಿಯವರನ್ನು, ಕಾಯಿಪಲ್ಲೆಯವರನ್ನು ಕರೆದು ಉದ್ರಿ ಇಲ್ಲದ ಪುಸ್ತಕ ಕೊಟ್ಟರೆ ಹೇಗೆ? ನಾನು ಹಿಂದಿನ ಪುಟಗಳಲ್ಲಿ ಗೆರೆ ಹಾಕಿಕೊಂಡಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಶುರುವಿಗೆ, ಕೊನೆಗೆ ಸಣ್ಣ ಪ್ರಾರ್ಥನೆ ಇರುತ್ತದೆ, ಸುಮ್ಮನೆ ಕೂತರಾಯಿತು. ನಮ್ಮ ಧರ್ಮಕ್ಕೆ ಬನ್ನಿ ಅಂತ ಯಾರೂ ಹೇಳಲಿಲ್ಲ. ಫ್ಯಾನು ಎರಡೇ, ಕಿಟಕಿ ಪಕ್ಕ ಜಾಗ ಹಿಡಿಯಿರಿ. ಅಂಗಡಿಯವರು, ಸಂಘದ ಲೆಕ್ಕ ಬರೆಯುವವರು, ಯಾರದೋ ಜಾಮೀನಿಗೆ ಸಹಿ ಹಾಕುವ ಹೊಸ್ತಿಲಲ್ಲಿ ಇರುವವರು ತಪ್ಪದೆ ಹೋಗಿ. ಶೇರು, ಮ್ಯೂಚುವಲ್ ಫಂಡ್ ಕಲಿಯಬೇಕು ಅನ್ನುವವರಿಗೆ ಇಲ್ಲಿ ಏನೂ ಇಲ್ಲ. ವಾರದ ಕಂತಿನಲ್ಲಿ ಸಿಕ್ಕಿಬಿದ್ದವರು ಹೋದರೆ ಮೂರನೇ ವಾರ ಮೊದಲೇ ಕೈ ಎತ್ತಿ ಧರ್ಮೋಪದೇಶಕಾಂಡ 24 ಓದಿಸಿ, ರಿಸರ್ವ್ ಬ್ಯಾಂಕಿನ ನಿಯಮದ ನಕಲನ್ನು ಮ್ಯಾನೇಜರ್ ಸಾಹೇಬರ ಹತ್ತಿರ ಕೇಳಿ ಇಸಿದುಕೊಳ್ಳಿ. ಕೇಳಿದವರಿಗೆ ಕೊಡುತ್ತಾರೆ. ಪುಸ್ತಕ ಮಾತ್ರ ಬೇಕಾದರೆ 60 ರೂಪಾಯಿಗೆ ಬೇರೆಯಾಗಿಯೂ ಸಿಗುತ್ತದೆ.